ಅವರ ಹೆಸರಿನಲ್ಲಿ ಕೊಟ್ಟ ಉತ್ತರ

ಭಾನುವಾರ, ಬೆಳಿಗ್ಗೆ

ನನ್ನ ಮುದ್ದು ಪುಟ್ಟಿಗೆ,

ಅಕ್ಕನ ನೆನಪುಗಳು. ಮಕ್ಕಳ ಪರೀಕ್ಷೆ ಮುಗಿಯಿತೇ? ನಿನ್ನ ಸೊಂಟನೋವು ಹೇಗಿದೆ?

ಮನಸ್ಸಿಗೆ ಆಸರೆಯಾದೀತು ಎಂದು ನೀನು ಹೇಳಿದ್ದ ಆ ಉಚಿತ ಆ್ಯಪನ್ನು ನಿನ್ನ ಭಾವನ ಮೊಬೈಲಿಗೆ ಹಾಕಿಕೊಟ್ಟೆ. ಕಾರ್ಖಾನೆ ಬಾಗಿಲು ಹಾಕಿದಂದಿನಿಂದ ಅವರು ಪರದೆ ಎಳೆದುಕೊಂಡು ಮಲಗಿರುವುದು ನಿನಗೆ ಗೊತ್ತೇ ಇದೆ. ನಾನು ಕಾಲೇಜಿನ ಗ್ರಂಥಾಲಯದಿಂದ ಬರುವ ಹೊತ್ತಿಗೂ ಬೆಳಿಗ್ಗೆ ಮುಚ್ಚಿಟ್ಟ ತಟ್ಟೆ ಮುಚ್ಚಿದ ಹಾಗೆಯೇ ಇರುತ್ತದೆ.

ಆ್ಯಪಿನೊಳಗಿನ ಹೆಂಗಸು ಮೆಲುದನಿಯಲ್ಲಿ ಉಸಿರಾಟ ಕಲಿಸತೊಡಗಿದಳು. "ಉಸಿರು ತಗೋ, ಬಿಡು ಅಂತಾಳೆ. ಇಷ್ಟು ವರ್ಷ ಯಾರ ಅಪ್ಪಣೆ ಕೇಳಿ ಬಿಡ್ತಿದ್ದೆ ನಾನು?" ಎಂದರು ನಿನ್ನ ಭಾವ. ನನಗೆ ನಗು ಬಂತು. ಅವರು ಗೋಡೆ ಕಡೆ ತಿರುಗಿಕೊಂಡರು.

ಮತ್ತೆ ಅವರು ಅದನ್ನು ಮುಟ್ಟಲಿಲ್ಲ. ಬ್ಯಾಂಕಿನಲ್ಲಿ, ಕರೆಂಟ್ ಆಫೀಸಿನಲ್ಲಿ, ವೈದ್ಯರ ಮುಂದೆ ಕೂಡ ಅವರ ಪರವಾಗಿ ಉತ್ತರ ಕೊಟ್ಟು ರೂಢಿಯಾದವಳು ನಾನು. ಆ್ಯಪ್ ಅವರಿಗೆ ಕೇಳುವ ಪ್ರಶ್ನೆಗಳಿಗೂ ಉತ್ತರ ಒತ್ತಲು ನಾನೇ ಕುಳಿತೆ. ನಿದ್ರೆ ಬರುತ್ತದೆಯೇ? ಯಾವುದರಲ್ಲಾದರೂ ಆಸಕ್ತಿ ಉಳಿದಿದೆಯೇ? ಬೆರಳು ಎಲ್ಲೂ ತಡವರಿಸಲಿಲ್ಲ. ಬದುಕಿರುವುದಕ್ಕಿಂತ ಇಲ್ಲದಿರುವುದೇ ಮೇಲು ಅನ್ನಿಸುತ್ತದೆಯೇ ಎಂದು ಕೇಳಿತು. 'ಹೆಚ್ಚುಕಡಿಮೆ ಪ್ರತಿದಿನ' ಎಂಬುದನ್ನು ಒತ್ತಿದೆ.

ಈಗ ಒಬ್ಬರೇ ಇದ್ದೀರಾ, ಕೂಡಲೇ ಯಾರೊಂದಿಗಾದರೂ ಮಾತನಾಡಿ ಎಂದು ಸಹಾಯವಾಣಿಯ ಸಂಖ್ಯೆ ಮೂಡಿತು.

ಕೋಣೆಗೆ ಓಡಿ ಅವರ ಭುಜ ಹಿಡಿದು ಅಲುಗಿಸಿದೆ, ನಿಮಗೆ ಹಾಗೆಲ್ಲ ಅನ್ನಿಸುತ್ತದೆಯೇ ಎಂದು ಕೇಳಿದೆ. ಅವರು ಕಣ್ಣುಜ್ಜಿಕೊಂಡು, "ಏನೇ ನಿಂದು? ಕೆಲಸ ಹೋಯ್ತಲ್ಲ ಅಂತ ಬೇಜಾರು, ನಾಚಿಕೆ. ಸಾಯೋ ಯೋಚನೆ ಯಾಕೆ ಬರುತ್ತೆ? ಯಾರು ಹೇಳಿದ್ರು ನಿಂಗೆ?" ಎಂದರು.

ಯಾರು ಹೇಳಿದರು, ಪುಟ್ಟಿ?

ಅವರಿಗೆ ಹಗಲೂ ಗೊರಕೆ. ನಿದ್ರೆ ಬಿಟ್ಟವಳು ನಾನು. ಪುಸ್ತಕ ತೆರೆದು, ಒಂದೇ ಪುಟ ಮತ್ತೆ ಮತ್ತೆ ಓದಿ, ಏನೂ ತಲೆಗಿಳಿಯದೆ ಮುಚ್ಚುವವಳು ನಾನು. ಇಷ್ಟು ಕವಿತೆ ಓದಿದ್ದೇನೆ, ದುಃಖಕ್ಕೆ ಎಷ್ಟೊಂದು ಮಾತು ಬಲ್ಲೆ ಎಂಬ ಜಂಬ ಬೇರೆ ಇತ್ತು. ನನ್ನದನ್ನು ಹೇಳಲು ಗಂಡನ ಹೆಸರು ಬೇಕಾಯಿತು ನೋಡು.

ಆ ಸಂಖ್ಯೆಗೆ ಫೋನ್ ಮಾಡಿದೆ. ನಮ್ಮ ಯಜಮಾನರಿಗೆ ಹೀಗಾಗಿದೆ ಎಂದೇ ಶುರು ಮಾಡಿ ತುಂಬ ಹೊತ್ತು ಮಾತಾಡಿದೆ. ಅತ್ತ ಫೋನೆತ್ತಿದ್ದಾಕೆ ಎಲ್ಲ ಕೇಳಿಸಿಕೊಂಡು, "ಸರಿ ಅಮ್ಮಾ, ನೀವು ಹೇಗಿದೀರಿ?" ಎಂದಳು. ಫೋನ್ ಇಟ್ಟುಬಿಟ್ಟೆ.

ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ. ನಾನೂ ಮಲಗಿದರೆ ಸಂಜೆ ಈ ಮನೆಯಲ್ಲಿ ಲೈಟು ಹಾಕುವವರು ಯಾರು? ವೈದ್ಯರಲ್ಲಿಗೆ ಹೋಗಲೇಬೇಕು. ಒಬ್ಬಳೇ ಹೋದರೆ ಬಾಗಿಲಿಂದಲೇ ತಿರುಗುತ್ತೇನೆ, ಇಲ್ಲವೇ ಒಳಗೆ ಕುಳಿತು ಅವರ ಕಾಯಿಲೆ ಹೇಳಿ ಬರುತ್ತೇನೆ. ಪಕ್ಕದಲ್ಲಿ ನೀನಿದ್ದು, "ಇಲ್ಲ ಡಾಕ್ಟ್ರೇ, ಇವಳಿಗೇ" ಎಂದರೆ ಸಾಕು. ನಿನಗೆ ರಜೆ ಸಿಕ್ಕಾಗ, ಮಕ್ಕಳ ಅನುಕೂಲ ನೋಡಿಕೊಂಡು ಒಮ್ಮೆ ಬಂದು ಹೋಗು. ಅವಸರವೇನಿಲ್ಲ.

ನಿನ್ನವಳೇ ಆದ
ಅಕ್ಕ

ತಾ.ಕ.: ಅವಸರವಿದೆ. ಅದಕ್ಕೇ ಇದನ್ನು ಅಂಚೆಗೆ ಹಾಕದೆ, ನಿಮ್ಮೂರಿಗೆ ಬಸ್ಸು ಓಡಿಸುವ ಎದುರುಮನೆಯವರ ಕೈಗೆ ಕೊಡುತ್ತಿದ್ದೇನೆ. ಫೋನ್ ಮಾಡಬೇಡ. ಮಾಡಿದರೆ ಚೆನ್ನಾಗಿದ್ದೇನೆ ಅನ್ನುತ್ತೇನೆ, ನೀನು ನಂಬಿಬಿಡುತ್ತೀಯ. ಸಂಜೆ ಅವರ ಬಸ್ಸು ಇತ್ತ ಹೊರಡುತ್ತದೆ. ನಿನಗೊಂದು ಸೀಟು ಹಿಡಿದಿಡಲು ಹೇಳಿದ್ದೇನೆ.