ಹನ್ನೊಂದು ಎಕರೆ ಹೊಂಡದ ಮಾಲೀಕನಿಂದ

ಭೂಬಳಕೆ ಯೋಜನೆಯ ನಿರ್ದೇಶಕರೇ,

ನನ್ನ ಹನ್ನೊಂದು ಎಕರೆ ತರಕಾರಿ ಹೊಲವನ್ನು ನೀವು ನಕ್ಷೆಯಲ್ಲಿ ಮಳೆನೀರಿನ ಹೊಂಡ ಮಾಡಿ ನಾಲ್ಕು ವರ್ಷವಾಯಿತು. ಹೊಂಡ ತೋಡಿಲ್ಲ, ಜಮೀನು ಕೊಂಡಿಲ್ಲ, ನಕ್ಷೆಯಿಂದ ಬಿಟ್ಟುಕೊಟ್ಟೂ ಇಲ್ಲ. ಬೇಲಿಯಾಚೆಯ ಎತ್ತರದಲ್ಲಿ ಮಾತ್ರ ಆರುನೂರು ಮನೆಗಳು ಏಳುತ್ತಿವೆ. ಅವುಗಳ ಚಾವಣಿಯ ನೀರು ನನ್ನಲ್ಲಿಗೇ ಬರಲಿ ಎಂದ ನಿಮ್ಮ ಔದಾರ್ಯಕ್ಕೆ ಏನೆನ್ನಲಿ?

ಬಿಲ್ಡರುಗಳು ಜಾಗ ಹುಡುಕುವ ಬಗೆ ನಿಮಗೆ ಗೊತ್ತಿರಬಹುದು, ನನಗೆ ಗೊತ್ತಿರಲಿಲ್ಲ. ನಕ್ಷೆ ಹೊರಬೀಳುವ ಎರಡು ವರ್ಷ ಮೊದಲೇ ಅವರ ಕಡೆಯವನೊಬ್ಬ ಸಿಡ್ನಿಯ ಪಶ್ಚಿಮದಂಚಿನ ನಮ್ಮ ಬೀದಿಯಲ್ಲಿ ಮನೆಮನೆ ತಿರುಗಿದ. ಬಹಳ ಸಭ್ಯ. ನನ್ನ ಹೆಂಡತಿ ಜಿತ್ತಾ ಮಾಡಿದ ಮೊಲದ ಸಾರು ಉಂಡು ಕೇಳಿದ, "ಮಳೆ ಬಂದ್ರೆ ಇಲ್ಲಿ ನೀರು ನಿಲ್ಲುತ್ತಾ, ಯಜಮಾನ್ರೇ?"

ಮಾಲ್ಟಾದ ಕಲ್ಲುನೆಲ ಬಿಟ್ಟು ಬಂದ ನನ್ನಪ್ಪ ಈ ತಗ್ಗನ್ನು ಆರಿಸಿದ್ದೇ ನೀರಿಗಾಗಿ. ನಮ್ಮವರಲ್ಲಿ ನೀರು ಹಿಡಿಯುವ ಹೊಲವೆಂದರೆ ದೊಡ್ಡಸ್ತಿಕೆ. ನಾನು ಉಬ್ಬಿಹೋದೆ.

"ನಿಲ್ಲುತ್ತಾ ಅಂತೀರಾ? ಒಂದು ಮಳೆ ಬಿದ್ರೆ ವಾರಗಟ್ಲೆ ಬಾತುಕೋಳಿ ಈಜ್ತವೆ. ಬೇಲಿಯಾಚೆ ಎತ್ತರದಲ್ಲಿರೋ ಫರೂಜಾ ಹೊಲದ ನೀರೂ ನಂದೇ. ಬನ್ನಿ, ತೋರಿಸ್ತೀನಿ."

ನೀರು ಹರಿಯುವ ದಾರಿಯನ್ನೆಲ್ಲ ನಡೆಸಿ ತೋರಿಸಿದೆ. ಅವನು ಬರೆದುಕೊಂಡ. ಮುಂದಿನ ತಿಂಗಳೇ ಫರೂಜಾ ಜೊತೆ ಕರಾರಾಯಿತು: ನಿನ್ನ ಹೊಲ ವಸತಿ ವಲಯವಾದರೆ ಕೊಳ್ಳುತ್ತೇವೆ, ಇಲ್ಲವಾದರೆ ಇಲ್ಲ. ನೀವು ವಲಯ ಮಾಡಿಕೊಟ್ಟಿರಿ. ಬಿಲ್ಡರು ಅದಕ್ಕಾಗಿ ನಿಮಗೆ ಸಲ್ಲಿಸಿದ ವರದಿಯಲ್ಲಿ, ನೀರು ಸಹಜವಾಗಿ ತಗ್ಗಿನಲ್ಲೇ ನಿಲ್ಲುತ್ತದೆ, ಮಾಲೀಕರೇ ದೃಢಪಡಿಸಿದ್ದಾರೆ ಎಂಬ ಸಾಲಿದೆ. ನಲವತ್ತು ವರ್ಷದಲ್ಲಿ ಸರ್ಕಾರ ನನ್ನ ಮಾತನ್ನು ನಂಬಿದ್ದು ಅದೊಂದೇ ಸಲ.

"ಹೊಲ ಹೊಗಳೋಕೆ ನಿಂಗೆ ಬೇರೆ ಜನ ಸಿಗ್ಲಿಲ್ವಾ, ಸಾಲ್ವು?" ಎನ್ನುತ್ತಾಳೆ ಜಿತ್ತಾ. ಅವಳ ಮಂಡಿ ಸವೆದಿದೆ. ಜಮೀನು ಮಾರಿ, ಮಗಳ ಮನೆಯ ಹತ್ತಿರ ಮೆಟ್ಟಿಲಿಲ್ಲದ ಪುಟ್ಟ ಮನೆ ಕೊಳ್ಳಬೇಕೆಂದಿದ್ದೆವು. ಹೊಂಡವಾಗಲಿರುವ ಹೊಲವನ್ನು ಯಾರು ಕೊಳ್ಳುತ್ತಾರೆ? ನಿಮ್ಮ ಕಚೇರಿಗೆ ಫೋನು ಮಾಡಿದರೆ ಒಬ್ಬಾಕೆ, "ಸರ್ಕಾರ ಯಾವಾಗ ತಗೊಳ್ಳುತ್ತೆ ಅಂತ ಹೇಳಕ್ಕಾಗಲ್ಲ ಸರ್, ಹದಿನೈದು ವರ್ಷದೊಳಗೆ ಆಗ್ಬಹುದು" ಎಂದಳು. ನನಗೆ ಎಪ್ಪತ್ತಾರು. ಯಾರ ಮೇಲೆ ರೇಗಲಿ? ಆಕೆ ದನಿ ಏರಿಸಲಿಲ್ಲ, ಬಿಲ್ಡರು ಸುಳ್ಳು ಹೇಳಲಿಲ್ಲ, ನೀವು ಕಾನೂನು ಮೀರಲಿಲ್ಲ. ನಾನು ಕೈಚೆಲ್ಲಿ ಕೂತಿದ್ದೇನೆ.

ಬೆಲೆಗಾಗಿ ವಾದಿಸುವುದಿಲ್ಲ. ಜಮೀನು ಕೊಳ್ಳುವ ಒಂದು ತಾರೀಖು ಕೊಡಿ, ಸಾಕು. ಜಗಲಿಯ ಐದು ಮೆಟ್ಟಿಲು ಹತ್ತಲಾರದೆ ಜಿತ್ತಾ ಕಳೆದ ತಿಂಗಳಿಂದ ಕೆಳಗಿನ ತರಕಾರಿ ಪ್ಯಾಕಿಂಗ್ ಶೆಡ್ಡಿನಲ್ಲಿ ಮಲಗುತ್ತಿದ್ದಾಳೆ. ತಾರೀಖನ್ನು ಅವಳ ಹೆಸರಿಗೇ ಬರೆದು ಕಳಿಸಿ. ನಾನು ಹೇಳಿದರೆ ಅವಳು ಈಗ ನಂಬುವುದಿಲ್ಲ.

ಇಂತಿ,
ಕೇಳಿದ್ದಕ್ಕೆ ನಿಜ ಹೇಳಿದ ತಪ್ಪಿತಸ್ಥ,
ಸಾಲ್ವು ಬುಸುತ್ತಿಲ್