ಗುರುವಾರದ ಸಸಿಗಳು

ಅಂಬಾಟೊಮೇನ, ಆಂತ್ಸಿರಾಬೆ ಹತ್ತಿರ
ಫೆಬ್ರವರಿ ೧೧

ನನ್ನ ಮುದ್ದು ಅಮ್ಮನಿಗೆ,

ಗದ್ದೆಯ ಬದುವಿನ ಮೇಲೆಯೇ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಭತ್ತ ಹೊಡೆ ತುಂಬಿದೆ ಅಮ್ಮಾ, ಒಳಗಿನ ತೆನೆಗೆ ದಂಟು ಉಬ್ಬಿ ನಿಂತಿದೆ! ಪಕ್ಕದ ಗದ್ದೆಗಳಿಗಿಂತ ಹದಿನೈದು ದಿನ ಮೊದಲೇ! ಈ ಎತ್ತರದ ಊರಲ್ಲಿ ಏಪ್ರಿಲ್‌ಗೇ ಚಳಿ ಬೀಳುತ್ತದೆ, ಅಷ್ಟರಲ್ಲಿ ಕಾಳು ಕಟ್ಟುತ್ತದೆ.

ನಿನ್ನ ತಗ್ಗಿನ ಕಪ್ಪು ಮಣ್ಣಿಗೆ ಗೊಬ್ಬರ ಎರಚಿದರೆ ಸಾಕು. ಇಲ್ಲಿನ ಕೆಂಪು ಮಣ್ಣು ಮಹಾ ಜಿಪುಣ. ರಂಜಕದ ಗೊಬ್ಬರ ಎಷ್ಟು ಹಾಕಿದರೂ ತಾನೇ ನುಂಗಿಕೊಂಡು ಬೇರಿಗೆ ಚೂರೂ ಬಿಡುವುದಿಲ್ಲ. ಮೂರು ವರ್ಷ ಬೆಳೆ ಕೈಕೊಟ್ಟ ಮೇಲೆ ಅತ್ತೆ ಗದ್ದೆಯ ಮಣ್ಣನ್ನು ಇಟ್ಟಿಗೆ ಸುಡುವವನಿಗೆ ಕೊಡುವುದೆಂದು ತೀರ್ಮಾನಿಸಿದ್ದರು. ನಾನು ಹಟ ಹಿಡಿದು ಇದೊಂದು ಬೆಳೆ ಕೇಳಿಕೊಂಡೆ. ಗೊಬ್ಬರವನ್ನು ಕೆಸರಿನಲ್ಲಿ ಕಲಸಿ, ಸಸಿಯ ಬೇರನ್ನು ಅರ್ಧ ಗಂಟೆ ಅದ್ದಿ, ಕೂಡಲೇ ನಾಟಿ ಮಾಡಬೇಕೆಂದು ಕೃಷಿ ಕಚೇರಿಯ ಹೆಂಗಸು ಕಲಿಸಿಕೊಟ್ಟಿದ್ದಳು. ಹೆಚ್ಚು ಹೊತ್ತು ಬಿಟ್ಟರೆ ಬೇರು ಸುಟ್ಟುಹೋಗುತ್ತದೆ.

ಈಗ ನಿನ್ನ ಮಗಳ ಜಾಣತನ ಕೇಳು. ನಮ್ಮೂರಲ್ಲಿ ಗದ್ದೆಗೆ ಇಳಿಯಬಾರದ ದಿನ ಮಂಗಳವಾರ, ಇಲ್ಲಿ ಗುರುವಾರ. ಮದುವೆಯಾಗಿ ಆಗ ನಾಲ್ಕೇ ತಿಂಗಳು, ತಲೆಯಲ್ಲಿನ್ನೂ ತವರಿನ ಲೆಕ್ಕವೇ ಓಡುತ್ತಿತ್ತು. ಹಿಂದಿನ ದಿನ ಕಿತ್ತಿಟ್ಟ ಸಸಿಯನ್ನೆಲ್ಲ ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಅದ್ದಿಟ್ಟು, ನಾಟಿಯ ಹೆಂಗಸರನ್ನು ಕರೆಯಲು ಹೋದೆ.

"ಏನೇ ಹೊಸ ಸೊಸೆ, ಗುರುವಾರ ಗದ್ದೆಗಿಳಿದು ಊರಿಗೆಲ್ಲ ಆಲಿಕಲ್ಲು ಸುರಿಸ್ತೀಯಾ?" ಎಂದು ಬಿದ್ದುಬಿದ್ದು ನಕ್ಕರು.

ಓಡಿ ಬಂದೆ. ಅತ್ತೆಗೆ ಹೇಳುವಾಗ ಅಳುವೇ ಬಂತು. "ಅಳ್ತಾ ನಿಂತ್ರೆ ಬೇರು ಉಳಿಯುತ್ತಾ? ಗದ್ದೆಗೆ ಇಳೀಬಾರ್ದು, ಅಷ್ಟೇ. ಹೊಳೆಗೆ ಎಲ್ಲಿಯ ಗುರುವಾರ, ಹೊರು!" ಎಂದರು. ಇಬ್ಬರೇ ಕಟ್ಟುಕಟ್ಟಾಗಿ ಹೊತ್ತುಕೊಂಡು ಹೋಗಿ ಬೇರು ತೊಳೆದೆವು. ಶುಕ್ರವಾರ ಮತ್ತೆ ಅದ್ದಿ ನಾಟಿ ಮಾಡಿದೆವು. ಆಗ ಇದನ್ನೆಲ್ಲ ನಿನಗೆ ಬರೆಯಲು ನಾಚಿಕೆಯಾಯಿತು.

ನಿನ್ನೆ ಇಟ್ಟಿಗೆಯವನು ಬಂದು, ಇನ್ನೆಷ್ಟು ದಿನ ಕಾಯಲಿ ಎಂದ. ಅತ್ತೆ ಬದುವಿಗೆ ಅಡ್ಡ ನಿಂತರು. "ಬೇರೆ ಮಣ್ಣು ನೋಡ್ಕೋ ಹೋಗಪ್ಪ. ನನ್ನ ಗದ್ದೆ ಬಸುರಿ. ಬಸುರಿ ಮೈಗೆ ಗುದ್ದಲಿ ಹಾಕ್ತಾರೇನೋ?" ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಹೊಸ ಅಕ್ಕಿಯ ಅನ್ನ ಉಣ್ಣಲು ನೀನು ಬರಲೇಬೇಕು.

ನಿನ್ನ
ವೋಲತಿಯಾನ

ತಾ.ಕ.: ಬರೆಯದೆ ಇದ್ದದ್ದು ಬರೀ ನಾಚಿಕೆಯಿಂದಲ್ಲ ಅಮ್ಮಾ. ಅವತ್ತು ಅತ್ತೆಗೆ ಹೇಳುವ ಮೊದಲೇ ಬಟ್ಟೆ ಗಂಟು ಕಟ್ಟಿದ್ದೆ, ನಿನ್ನ ಹತ್ತಿರ ಬಂದುಬಿಡೋಣವೆಂದು. ಸಸಿ ತೊಳೆದು ಬಂದ ಮೇಲೆ ಅತ್ತೆ ಅದನ್ನು ಕಂಡು ಬಿಚ್ಚಿ, ನನ್ನ ಬಟ್ಟೆಗಳನ್ನು ಒಂದೊಂದಾಗಿ ಗೂಟಕ್ಕೆ ಹಾಕಿದರು. ನೀನು ನೇಯ್ದುಕೊಟ್ಟ ಬಿಳಿ ಹೊದಿಕೆಯನ್ನು ಮಾತ್ರ ಹೊಳೆಯಲ್ಲಿ ನೆನೆಸಿ ತಂದು, ತೊಳೆದ ಸಸಿಗಳು ಮರುದಿನದವರೆಗೆ ಒಣಗದಂತೆ ಹೊದಿಸಿದರು. ಗಂಟಿನ ವಿಷಯವನ್ನು ಅವರು ಇಂದಿನವರೆಗೂ ತಮ್ಮ ಮಗನಿಗೆ ಹೇಳಿಲ್ಲ.