ಸಾಲು ಹಿಡಿದ ಅಕ್ಕ

ಅಕ್ಟೋಬರ್ ಮೂವತ್ತನಾಲ್ಕು, 2187

ನನ್ನ ಅಜ್ಜಿಯ ಅಜ್ಜಿ ಸುವರ್ಣಮ್ಮನವರಿಗೆ ನೀಲಾಂಬಿಕಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ರಜೆಯ ಜನಜಂಗುಳಿ ಕಡಿಮೆಯಾಗಲೆಂದು ನಮ್ಮ ಕಾಲದ ಸರ್ಕಾರದವರು ಅಕ್ಟೋಬರಿಗೆ ನಾಲ್ಕು ದಿನ ಸೇರಿಸಿದರು. ಈಗ ಎಲ್ಲರೂ ಆ ನಾಲ್ಕು ದಿನವೇ ಮನೆ ಬಿಡುತ್ತಾರೆ. ನನ್ನ ಅಕ್ಷರ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕೈಬರಹವನ್ನು ನನಗೆ ಯಾರೂ ಕಲಿಸಲಿಲ್ಲ. ಮದುವೆ ಕಾರ್ಡಿನ ಹಿಂಬದಿಯಲ್ಲಿ ನೀವು ಬರೆದಿಟ್ಟ ಚೀಟಿಯ ಮೇಲೆಯೇ ಬೆರಳಾಡಿಸಿ ತಿದ್ದಿ ಕಲಿತೆ. ಈ ಕಾಗದ ಮುಟ್ಟುವಾಗ ನೀವು ಮೂವತ್ತರ ಹುಡುಗಿ, ನಾನು ಎಪ್ಪತ್ತು ದಾಟಿದ ಮುದುಕಿ. ಆದರೂ ತಪ್ಪೊಪ್ಪಿಕೊಳ್ಳಲು ಹಿರಿಯರೆಂದರೆ ನನಗೆ ನೀವೇ. ಹಿಂದಂಚೆಯಲ್ಲಿ, ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ, ಒಂದು ಮನೆಗೆ ಒಂದೇ ಕಾಗದ ಹಾಕಲು ಬಿಡುತ್ತಾರೆ. ನಮ್ಮ ಮನೆಯದು ಇದು.

ಆ ಚೀಟಿ ನಿಮಗೆ ನೆನಪಿರಬೇಕು. ದಸರಾ ರಜೆಯಲ್ಲಿ ಮಕ್ಕಳನ್ನು ಆಟದ ಪಾರ್ಕಿಗೆ ಕರೆದೊಯ್ಯಲು ಮಾಡಿಕೊಂಡ ಪಟ್ಟಿ. ಗೇಟು ತೆರೆಯುವ ಮೊದಲೇ ಮುಟ್ಟಬೇಕು, ದೊಡ್ಡ ಆಟ ಮೊದಲು, ಎಲ್ಲರೂ ಊಟಕ್ಕೆ ಹೋದಾಗ ನೀರಿನ ಆಟ, ಬುತ್ತಿಯನ್ನು ಸಾಲಿನಲ್ಲೇ ತಿನ್ನುವುದು. ಕೊನೆಗೆ, 'ಒಬ್ಬರು ಸಾಲು ಹಿಡಿಯಬೇಕು.' ನಮ್ಮ ಮನೆತನದಲ್ಲಿ ನಾಲ್ಕು ತಲೆಮಾರು ಇದನ್ನು ಪಾಲಿಸಿದೆ.

ಮೂವತ್ತೈದು ವರ್ಷದ ಹಿಂದೆ ನಾವು ಏಳು ಜನ ನವಿಲುಗುಡ್ಡದ ಆಟದೂರಿಗೆ ಹೋದೆವು. ಪಟ್ಟಿ ನನ್ನ ಕೈಯಲ್ಲಿತ್ತು. ಅಲ್ಲಿ ತಲೆಸಾಲು ಎಂಬ ಪದ್ಧತಿ ಇದೆ. ಒಂದು ತಲೆ ನಿಂತರೆ ಸಾಕು, ಸರದಿ ಬಂದಾಗ ಮನೆಯವರೆಲ್ಲ ಬಂದು ಹತ್ತಬಹುದು. ಬಿಸಿಲಿಗೆ ನೆರಳುಹಾಳೆಗಳು ತಲೆಯ ಮೇಲೆ ತೇಲುತ್ತಿರುತ್ತವೆ, ಆದರೆ ಸಾಲಿನ ಬಾಲದವರೆಗೆ ಅವು ಬರುವುದಿಲ್ಲ. ಅಲ್ಲಿ ನನ್ನ ಅಕ್ಕ ಕಸ್ತೂರಿಯನ್ನು ನಿಲ್ಲಿಸಿದೆ. ನಾವು ಬಂದು ಹತ್ತುವ ಹೊತ್ತಿಗೆ ಅವಳು ಮುಂದಿನ ಆಟದ ಸಾಲಿಗೆ ಓಡಬೇಕು. ಹೊತ್ತು ಉಳಿಯುತ್ತಿದ್ದುದೇ ಅದರಿಂದ. ನಿಮ್ಮ ಕಾಲದಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರಂತೆ. "ನಮ್ಮ ಕಸ್ತೂರಕ್ಕ ಇರೂತನಕ ಟವೆಲ್ ಯಾಕ ಬೇಕು?" ಎಂದು ನನ್ನ ಗಂಡ ನಗಾಡಿದರು. ಅಕ್ಕನೂ ನಕ್ಕಳು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ.

ಮೋಡಬಂಡಿಯ ಹತ್ತಿರ ಮಾತ್ರ ಅವಳು ಕೇಳಿದಳು. ಅದು ಹಳಿಯಿಲ್ಲದೆ ಮೋಡದೊಳಗೆ ಹೊಕ್ಕು ಕೆಳಗೆ ಬೀಳುವ ಬಂಡಿ.

"ನೀಲಾ, ಇದೊಂದು ನಾನೂ ಹತ್ತಲೇನು?"

ಗಡಿಯಾರ ನೋಡಿದೆ. "ಮುಂದಿಂದು ಹತ್ತುವಿಯಂತ. ಈಗ ಓಡು, ಅಲ್ಲಿ ಸಾಲು ಬೆಳೀಲಿಕತ್ತದ."

ಓಡಿದಳು. ಕಂಕುಳಲ್ಲಿ ನಮ್ಮೆಲ್ಲರ ರೊಟ್ಟಿಯ ಗಂಟು. ಮುಂದಿನದರಲ್ಲೂ ಹಾಗೇ ಆಯಿತು, ಅದರ ಮುಂದಿನದರಲ್ಲೂ. ಸಂಜೆಯೊಳಗೆ ಹನ್ನೊಂದು ಆಟ ಮುಗಿಸಿದೆವು. ಮರಳುವಾಗ ದಾರಿಯುದ್ದಕ್ಕೂ ಮಕ್ಕಳು ಒಂದೊಂದನ್ನೂ ವರ್ಣಿಸಿದರು, ಅಕ್ಕ ಬಾಯಿ ತೆರೆದುಕೊಂಡು ಕೇಳಿದಳು. ಅವಳು ಒಂದೂ ಹತ್ತಿರಲಿಲ್ಲ ಎಂಬುದು ಅಂದು ನನಗೆ ಹೊಳೆಯಲೇ ಇಲ್ಲ. ಇನ್ನೊಮ್ಮೆ ಹೋಗುವುದು ಕೂಡಿಬರಲಿಲ್ಲ, ಈಗ ಅವಳ ಮಂಡಿ ಕೇಳುವುದಿಲ್ಲ.

ಮೊನ್ನೆ ಮೊಮ್ಮಕ್ಕಳು ಅವಳನ್ನು ಮೋಡಬಂಡಿಯ ಬಗ್ಗೆ ಕೇಳಿದರು. ನಾನು ಪಕ್ಕದಲ್ಲೇ ಅವರೆ ಸುಲಿಯುತ್ತಿದ್ದೆ. "ಹೊಟ್ಟಿ ಗಂಟಲಿಗೆ ಬರ್ತದ ನೋಡ್ರಿ, ಆಮ್ಯಾಲೆ ಮುಖಕ್ಕ ತಣ್ಣಗ ಮೋಡ ಬಡೀತದ," ಎಂದು ಕೈ ಬೀಸಿ ಹೇಳಿದಳು. ಅಷ್ಟೂ ನನ್ನ ಮಕ್ಕಳು ಅಂದು ಆಡಿದ ಮಾತುಗಳು.

"ನಿನ್ನ ಬಾಜೂಕ ಯಾರು ಕೂತಿದ್ರು ಅಜ್ಜಿ?" ಎಂದು ಚಿಕ್ಕವಳು ಕೇಳಿದಳು.

ಅಕ್ಕ ನನ್ನ ಕಡೆ ನೋಡಿದಳು. "ಈಕಿ," ಎಂದಳು. "ನನ್ನ ಕೈ ಗಟ್ಟಿ ಹಿಡಕೊಂಡಿದ್ದಳು."

ನಾನು ಅವರೆ ಸುಲಿಯುತ್ತಲೇ ಹೋದೆ. ಅಂದಿನಿಂದ ಅವಳೆದುರು ಕೂತು ಉಣ್ಣಲು ಆಗುತ್ತಿಲ್ಲ.

ತಪ್ಪನ್ನು ನಿಮ್ಮ ಮೇಲೆ ಹಾಕುತ್ತಿಲ್ಲ, ಅಜ್ಜಿ. ಚೀಟಿಯಲ್ಲಿಲ್ಲದಿದ್ದರೇನು, ನನಗೇ ತಿಳಿಯಬೇಕಿತ್ತು. ಆದರೂ ಬೇಡಿಕೊಳ್ಳುತ್ತೇನೆ. ಈ ರಜೆಯಲ್ಲಿ ಹೊರಡುವ ಮುಂಚೆ ಆ ಚೀಟಿಗೆ ಒಂದು ಸಾಲು ಸೇರಿಸಿ. 'ಸಾಲು ಹಿಡಿದವರನ್ನು ಮೊದಲು ಹತ್ತಿಸಬೇಕು, ಆಟ ಕಡಿಮೆಯಾದರೂ ಸರಿ.' ನಿಮ್ಮ ಚೀಟಿಯ ಒಂದಕ್ಷರವನ್ನೂ ನಾನು ಮೀರಿದವಳಲ್ಲ.

ನನ್ನ ಬಳಿಯ ಚೀಟಿಯ ಕೆಳಗಡೆ, ನೀವು ಬರೆದರೆ ಆ ಸಾಲು ಮೂಡಬೇಕಾದಲ್ಲಿ, ಬೆರಳಗಲ ಜಾಗ ಇದೆ. ಇವತ್ತು ಬೆಳಿಗ್ಗೆಯೂ ತೆಗೆದು ನೋಡಿದೆ. ಇನ್ನೂ ಖಾಲಿಯೇ ಇದೆ.

ನಿಮ್ಮ
ನೀಲಾ